ಹನುಮಂತ ಆದಮೇಲಿನ ಸ್ಟೇಷನ್ನು

ಬೆಂಗಳೂರಿಗೆ ಹೋದಾಗಲೆಲ್ಲ ಕೈಕಾಲು ತೊಳೆದು ಕಾಫಿ ಲೋಟ ಹಿಡಿಯುವ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: 'ನಿಮ್ಮ ಡೆಲ್ಲಿ ಮೆಟ್ರೋ ಭಾರೀ ಚೆನ್ನಾಗಿದೆಯಂತಲ್ಲ? ನಮ್ಮದು ನೋಡು, ಇನ್ನೂ ಅಗೀತಾನೇ ಇದಾರೆ.' ರಜೆ ಮುಗಿಸಿ ಕರೋಲ್ ಬಾಗಿಗೆ ವಾಪಸಾದರೆ ಕೆಳಗಿನ ಮನೆಯ ಪಂಜಾಬಿ ಅಂಕಲ್ಲು ಮೆಟ್ಟಿಲ ಹತ್ತಿರವೇ ಹಿಡಿದುಕೊಂಡು, ಬೆಂಗಳೂರಿನ ಟ್ರಾಫಿಕ್ಕು ಈಗಲಾದರೂ ಸರಿಹೋಯಿತೇ ಎಂದು ಕನಿಕರದಿಂದ ವಿಚಾರಿಸುತ್ತಾರೆ. ಅಲ್ಲಿ ದೆಹಲಿಯ ಕೊರತೆಗಳನ್ನು ಹೇಳುತ್ತೇನೆ, ಇಲ್ಲಿ ಬೆಂಗಳೂರಿನ ಪರ ವಾದಿಸುತ್ತೇನೆ. ಹೊರಗಿದ್ದು ಬದುಕುವವರ ಪಾಡೇ ಇಷ್ಟು. ಎರಡು ಮನೆಯ ಅಳಿಯನ ಹಾಗೆ, ಯಾವ ಮನೆಯಲ್ಲಿ ಕೂತರೂ ಇನ್ನೊಂದು ಮನೆಯ ವಕೀಲಿಕೆ. ಇವತ್ತೊಂದು ದಿನ ಆ ವಕೀಲಿಕೆ ಬಿಟ್ಟು, ಎರಡೂ ಮೆಟ್ರೋಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗೋಣ ಅಂತ ಕೂತಿದ್ದೇನೆ.

ತೂಗುವುದಕ್ಕೆ ನನಗಿರುವ ಅರ್ಹತೆ ಇಷ್ಟೇ, ಎರಡರಲ್ಲೂ ನಿಂತುಕೊಂಡು ಓಡಾಡಿದ್ದೇನೆ. ನಾನು ದೆಹಲಿಗೆ ಬಂದದ್ದು 1998ರಲ್ಲಿ. ಕರೋಲ್ ಬಾಗಿನ ಡಬ್ಲ್ಯು.ಇ.ಎ. ಬ್ಲಾಕಿನಲ್ಲಿ ಒಂದು ಬರಸಾತಿ, ಅಂದರೆ ಮಹಡಿಯ ಮೇಲಿನ ಒಂಟಿ ಕೋಣೆ, ಬಾಡಿಗೆಗೆ ಸಿಕ್ಕಿತು. ದೇಶ ವಿಭಜನೆಯಾದಾಗ ಪಂಜಾಬಿನಿಂದ ಬಂದವರು ಇಲ್ಲಿ ನೆಲೆಯೂರಿದರು. ಆಮೇಲಿನ ದಶಕಗಳಲ್ಲಿ ಸರ್ಕಾರಿ ನೌಕರಿಗೆಂದು ಬಂದ ದಕ್ಷಿಣದವರು ಅವರ ಮಹಡಿಗಳನ್ನು ಬಾಡಿಗೆಗೆ ಹಿಡಿದರು. ಕೆಳಗೆ ಅಜ್ಮಲ್ ಖಾನ್ ರೋಡಿನ ಬಟ್ಟೆ ಅಂಗಡಿ, ಮೇಲೆ ಒಗ್ಗರಣೆ ಸಾಸಿವೆಯ ಚಟಪಟ. ನಾವು ಕನ್ನಡದವರಾದರೂ ಇಲ್ಲಿನವರಿಗೆ ಎಲ್ಲರೂ 'ಮದರಾಸಿ'ಗಳೇ ಬಿಡಿ. ಆಗ ಆಫೀಸಿಗೆ ಹೋಗಬೇಕೆಂದರೆ ಬ್ಲೂಲೈನ್ ಬಸ್ಸು. ಅದು ಸ್ಟಾಪಿನಲ್ಲಿ ನಿಲ್ಲುತ್ತಿರಲಿಲ್ಲ, ನಿಧಾನ ಮಾಡುತ್ತಿತ್ತು. ಹತ್ತುವವನು ಓಡಿ ಹತ್ತಬೇಕು, ಇಳಿಯುವವನು ಹಾರಿ ಇಳಿಯಬೇಕು. ಹೆಂಗಸರೂ ಮುದುಕರೂ ಏನು ಮಾಡಬೇಕು ಅನ್ನೋ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ.

ಆಮೇಲೆ ಪೂಸಾ ರೋಡನ್ನು ಅಗೆದರು. ಬಾಲ್ಕನಿಯಲ್ಲಿ ಒಣಹಾಕಿದ ಬನಿಯನ್ನಿನ ಮೇಲೆ ಸಿಮೆಂಟಿನ ಧೂಳು. ರಸ್ತೆಯ ನಡುವೆ ಸಾಲಾಗಿ ಕಂಬಗಳೆದ್ದವು. 2005ರ ಡಿಸೆಂಬರ್ 31ರಂದು ಬಾರಾಖಂಬಾದಿಂದ ದ್ವಾರಕಾವರೆಗಿನ ಮಾರ್ಗ ಶುರುವಾಯಿತು. ಅದರಲ್ಲಿ ನಮ್ಮ ಕರೋಲ್ ಬಾಗೂ ಒಂದು ನಿಲ್ದಾಣ. ಅವತ್ತಿನಿಂದ ಕನಾಟ್ ಪ್ಲೇಸು ಮೂರನೆಯ ಸ್ಟಾಪಾಯಿತು. ಝಂಡೇವಾಲಾನ್, ರಾಮಕೃಷ್ಣ ಆಶ್ರಮ ಮಾರ್ಗ, ರಾಜೀವ್ ಚೌಕ. ಬಾಗಿಲು ತೆರೆಯುತ್ತದೆ, ನಿಲ್ಲುತ್ತದೆ, ಮುಚ್ಚುತ್ತದೆ. ಇಷ್ಟು ಸಣ್ಣ ಮರ್ಯಾದೆಗೆ ಒಂದು ಊರಿಗೆ ಊರೇ ಎಷ್ಟು ವರ್ಷ ಕಾದಿತ್ತು ಅಂತ ಅವತ್ತು ಗೊತ್ತಾಯಿತು.

ಇನ್ನು ಲೆಕ್ಕಕ್ಕೆ ಬರೋಣ. ದೆಹಲಿ ಮೆಟ್ರೋ ಕಂಪನಿ ನೋಂದಣಿಯಾದದ್ದು 1995ರಲ್ಲಿ, ಕೆಲಸ ಶುರುವಾದದ್ದು 1998ರ ಅಕ್ಟೋಬರಿನಲ್ಲಿ. ಶಾಹದರಾ–ತೀಸ್ ಹಜಾರಿ ನಡುವಿನ ಮೊದಲ ತುಂಡನ್ನು 2002ರ ಡಿಸೆಂಬರ್ 24ರಂದು ಪ್ರಧಾನಿ ವಾಜಪೇಯಿ ಉದ್ಘಾಟಿಸಿದರು. 2006ರ ಹೊತ್ತಿಗೆ ಮೊದಲ ಹಂತದ ಸುಮಾರು 65 ಕಿ.ಮೀ. ಮುಗಿಯಿತು. ಎರಡನೇ ಹಂತದ ಸುಮಾರು 125 ಕಿ.ಮೀ. ಕೂಡ 2011ರೊಳಗೆ ಮುಗಿಯಿತು. ಅಂದರೆ ಮೊದಲ ರೈಲು ಓಡಿ ಒಂಬತ್ತು ವರ್ಷದಲ್ಲಿ 190 ಕಿ.ಮೀ.

ನಮ್ಮ ಮೆಟ್ರೋಗೆ ಶಂಕುಸ್ಥಾಪನೆಯಾದದ್ದು 2006ರ ಜೂನ್ 24ರಂದು. ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿನವರೆಗಿನ 6.7 ಕಿ.ಮೀ. ಓಡಿದ್ದು 2011ರ ಅಕ್ಟೋಬರ್ 20ರಂದು. 42.3 ಕಿ.ಮೀ. ಉದ್ದದ ಮೊದಲ ಹಂತ ಪೂರ್ತಿಯಾಗುವಾಗ 2017ರ ಜೂನ್ ಬಂದಿತ್ತು. ಅಲ್ಲಿಂದ ಮೂರು ವರ್ಷ, 2020 ಮುಗಿಯುವ ತನಕವೂ, ಒಂದು ಕಿ.ಮೀ. ಸಹ ಹೆಚ್ಚಾಗಲಿಲ್ಲ. ಒಂಬತ್ತು ವರ್ಷಕ್ಕೆ ದೆಹಲಿಯದು 190, ನಮ್ಮದು 42. 2025ರ ಆಗಸ್ಟ್‌ನಲ್ಲಿ ಆರ್.ವಿ. ರೋಡಿನಿಂದ ಬೊಮ್ಮಸಂದ್ರದ ಹಳದಿ ಮಾರ್ಗ ಸೇರಿದಾಗ ಬೆಂಗಳೂರಿನದು ಸುಮಾರು 96 ಕಿ.ಮೀ. ಆಯಿತು. ಅಷ್ಟು ಹೊತ್ತಿಗೆ ದೆಹಲಿಯದು 350 ದಾಟಿತ್ತು.

ಬೆಂಗಳೂರಿನ ಪರ ಹೇಳಬೇಕಾದ್ದು ಇಲ್ಲವೆಂದಲ್ಲ. ನಮ್ಮ ಊರಿನ ಅಡಿಯಲ್ಲಿರುವುದು ಗಟ್ಟಿ ಗ್ರಾನೈಟು. ಗೋದಾವರಿ, ಕೃಷ್ಣಾ, ಕಾವೇರಿ ಅಂತ ಹೊಳೆಗಳ ಹೆಸರಿಟ್ಟುಕೊಂಡ ಸುರಂಗ ಕೊರೆಯುವ ಯಂತ್ರಗಳು ಚಿಕ್ಕಪೇಟೆಯ ಆಸುಪಾಸಿನ ಬಂಡೆಗೆ ಹಲ್ಲು ಮುರಿದುಕೊಂಡು ತಿಂಗಳುಗಟ್ಟಲೆ ನಿಂತಿದ್ದವು. ದೆಹಲಿ ದೇಶದ ರಾಜಧಾನಿ, 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಗಡುವು ಕತ್ತಿನ ಮೇಲಿತ್ತು. ಜಪಾನಿನ ಸಾಲ, ಕೇಂದ್ರದ ಕಾಳಜಿ ಎರಡೂ ಇತ್ತು. ಇವೆಲ್ಲ ನಿಜ. ಆದರೆ ಬಂಡೆಯ ಮೇಲೆ ಹಾಕಲಾಗದ ತಪ್ಪುಗಳೂ ಇವೆ. ಮೊದಲ ಏಳು ವರ್ಷ ಮೂರೇ ಮೂರು ಬೋಗಿ ಓಡಿಸಿದ್ದಕ್ಕೆ ಗ್ರಾನೈಟು ಏನು ಮಾಡೀತು? ದೆಹಲಿಯ ಹಳೆಯ ಮಾರ್ಗಗಳು ಬ್ರಾಡ್‌ಗೇಜು, ಬೋಗಿಯ ಅಗಲ 3.2 ಮೀಟರು. ನಮ್ಮದು ಸ್ಟ್ಯಾಂಡರ್ಡ್ ಗೇಜು, 2.88 ಮೀಟರು. ಮೊದಲೇ ಕಿರಿದು, ಅದರಲ್ಲೂ ಮೂರು. ಸಂಜೆ ಆರಕ್ಕೆ ಮೆಜೆಸ್ಟಿಕ್ಕಿನಲ್ಲಿ ನಿಂತವರಿಗೆ ಉಳಿದದ್ದನ್ನು ನಾನು ಹೇಳಬೇಕಿಲ್ಲ. ಹಳದಿ ಮಾರ್ಗವನ್ನಂತೂ ನೋಡಿ. ಕಂಬ ನಿಂತಿತು, ಹಳಿ ಬಿತ್ತು, ನಿಲ್ದಾಣಕ್ಕೆ ಬಣ್ಣವಾಯಿತು, ರೈಲೇ ಬರಲಿಲ್ಲ. ಕೊನೆಗೆ ಶುರುವಾದಾಗ ಇದ್ದದ್ದು ಮೂರು ರೈಲು, ಇಪ್ಪತ್ತೈದು ನಿಮಿಷಕ್ಕೊಂದು. ಮದುವೆ ಮಂಟಪ ಕಟ್ಟಿ, ಊಟಕ್ಕೆ ಎಲೆ ಹಾಕಿ, ಆಮೇಲೆ ಗಂಡು ಹುಡುಕಲು ಹೊರಟ ಹಾಗೆ.

ದೆಹಲಿಯ ವೇಗವನ್ನು ಹೊಗಳುವವರು ಸಾಮಾನ್ಯವಾಗಿ ಒಂದು ಹೆಸರಿಗೆ ಬಂದು ನಿಲ್ಲುತ್ತಾರೆ, ಇ. ಶ್ರೀಧರನ್. 2011ರ ಕೊನೆಯವರೆಗೂ ದೆಹಲಿ ಮೆಟ್ರೋ ನಡೆಸಿದವರು. ಅವರಂಥವರೊಬ್ಬರು ನಮಗೂ ಸಿಕ್ಕಿದ್ದರೆ ಅಂತ ಬೆಂಗಳೂರಿನಲ್ಲಿ ಎಷ್ಟು ಜನ ಉಸಿರು ಬಿಟ್ಟಿಲ್ಲ! ನನಗೆ ಈ ಮಾತು ಅರ್ಧ ಮಾತ್ರ ಒಪ್ಪಿಗೆ. 2009ರ ಜುಲೈ 12ರ ಬೆಳಗಿನ ಜಾವ ದಕ್ಷಿಣ ದೆಹಲಿಯ ಜಮ್ರೂದ್‌ಪುರದಲ್ಲಿ ಕಟ್ಟುತ್ತಿದ್ದ ಮೆಟ್ರೋ ಸೇತುವೆ ಕುಸಿಯಿತು, ಆರು ಜನ ಸತ್ತರು. ಶ್ರೀಧರನ್ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಆಗಿನ ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಅದನ್ನು ಒಪ್ಪಲಿಲ್ಲ, ಅವರು ಕೆಲಸಕ್ಕೆ ಮರಳಿದರು. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೋ ಕಂಬದ ಕಬ್ಬಿಣದ ಚೌಕಟ್ಟು ರಸ್ತೆಗೆ ಬಿದ್ದು, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ ಮತ್ತು ಎಳೆಯ ಮಗು ಸತ್ತರು. ಗುತ್ತಿಗೆದಾರರ ಮೇಲೆ, ಎಂಜಿನಿಯರುಗಳ ಮೇಲೆ ಕೇಸಾಯಿತು. ಆದರೆ ರಾಜೀನಾಮೆ ಪತ್ರ ಹಿಡಿದು ಎದ್ದು ನಿಂತ ದೊಡ್ಡವರನ್ನು ಮಾತ್ರ ನಾನು ಕಾಣಲಿಲ್ಲ. ಈ ವಿಷಯದಲ್ಲಿ ದೆಹಲಿಗೇ ಹೆಚ್ಚು ಅಂಕ ಕೊಡುತ್ತೇನೆ.

ಉಳಿದರ್ಧ ಏನೆಂದರೆ, ರಾಜೀನಾಮೆ ಕೊಟ್ಟವರ ಹೆಸರು ನಮಗೆಲ್ಲ ಬಾಯಿಪಾಠ, ಸತ್ತ ಆರು ಜನರ ಹೆಸರು? ಇಲ್ಲಿ ಯಾರನ್ನು ಕೇಳಿದರೂ ಬರುವುದಿಲ್ಲ, ನನಗೂ ಬರುವುದಿಲ್ಲ. ಒಬ್ಬ ಮಹಾಪುರುಷನನ್ನು ನಂಬಿ ಊರು ಕಟ್ಟುವ ಅಭ್ಯಾಸದಲ್ಲಿ ಈ ತೊಂದರೆ ಇದೆ. ಅವರು ಹೋದ ಮೇಲೂ ದೆಹಲಿ ಮೆಟ್ರೋ ಬೆಳೆಯಿತಲ್ಲ, ಅದನ್ನು ನಾವು ನೋಡಬೇಕು. ಬೆಂಗಳೂರು ಕಲಿಯಬೇಕಾದ್ದು ಶ್ರೀಧರನ್ನರನ್ನು ಹುಡುಕುವುದನ್ನಲ್ಲ. ರೈಲಿಲ್ಲದೆ ಹಳಿ ಹಾಸದಿರುವುದನ್ನು, ಕೊಟ್ಟ ತಾರೀಖಿಗೆ ನಾಚಿಕೊಳ್ಳುವುದನ್ನು.

ಟಿಕೇಟಿನ ವಿಷಯಕ್ಕೆ ಬಂದರೆ ಎರಡೂ ಊರು ಒಂದೇ ದೋಣಿಯಲ್ಲಿವೆ. ಎರಡು ಕಂಪನಿಗಳಲ್ಲೂ ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ ಪಾಲು. ದರ ನಿಗದಿ ಮಾಡುವುದು ಕಾಯಿದೆಯ ಪ್ರಕಾರ ನೇಮಕವಾಗುವ ಒಂದು ಸಮಿತಿ. ಹಾಗಾಗಿ ದರ ಏರಿದಾಗ ಇಬ್ಬರು ತಾಯಂದಿರೂ 'ಮಗು ಅವಳದು' ಅನ್ನುತ್ತಾರೆ. 2017ರಲ್ಲಿ ದೆಹಲಿಯಲ್ಲಿ ಮೇ ಮತ್ತು ಅಕ್ಟೋಬರಿನಲ್ಲಿ ಎರಡು ಸಲ ಏರಿತು. ರಾಜ್ಯ ಸರ್ಕಾರ ಕೇಂದ್ರದ ಕಡೆ ಕೈ ತೋರಿಸಿತು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹಾರಿತು. ಜನ ಬೊಬ್ಬೆ ಹೊಡೆದ ಮೇಲೆ ಕೆಲವು ಹಂತಗಳಲ್ಲಿ ಒಂದಿಷ್ಟು ಇಳಿಸಿದರು, ಗರಿಷ್ಠ ಹಾಗೇ ಉಳಿಯಿತು. ಅಲ್ಲೂ ಅದೇ ನಾಟಕ, ಪಾತ್ರಧಾರಿಗಳು ಮಾತ್ರ ಬೇರೆ. ಅದೇ ವರ್ಷದ ಆಗಸ್ಟಿನಲ್ಲಿ ದೆಹಲಿಯಲ್ಲೂ ಏರಿತು, ಆದರೆ 32 ಕಿ.ಮೀ. ಮೀರಿದ ಪ್ರಯಾಣಕ್ಕೆ 64 ರೂಪಾಯಿ.

ಇದು ಬರೀ ಅಂಕಿಯ ಮಾತಲ್ಲ. ರಾಜಾಜಿನಗರದ ನಮ್ಮ ಮನೆಯ ಹಿಂದಿನ ವಠಾರದ ಹುಡುಗಿಯೊಬ್ಬಳು ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಹಳದಿ ಮಾರ್ಗ ಅವಳ ಕೆಲಸದ ಬಾಗಿಲಿಗೇ ಹೋಗುತ್ತದೆ. 'ಈಗ ಆರಾಮಾಯ್ತಲ್ಲಮ್ಮ' ಅಂದೆ. 'ಎಲ್ಲಿ ಅಂಕಲ್, ಬಸ್ಸಲ್ಲಿ ಆಧಾರ್ ತೋರ್ಸಿದ್ರೆ ಫ್ರೀ. ಮೆಟ್ರೋದಲ್ಲಿ ಹೋಗಿ ಬರೋ ದುಡ್ಡಲ್ಲಿ ಎರಡು ದಿನದ ಹಾಲಾಗತ್ತೆ' ಅಂದಳು. 2023ರ ಜೂನಿನಿಂದ ಕರ್ನಾಟಕದಲ್ಲಿ, 2019ರ ಅಕ್ಟೋಬರಿನಿಂದ ದೆಹಲಿಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಮೆಟ್ರೋ ಎರಡೂ ಕಡೆ ಅದರ ಹೊರಗೆ. 2019ರಲ್ಲಿ ದೆಹಲಿ ಸರ್ಕಾರ ಮೆಟ್ರೋದಲ್ಲೂ ಹೆಂಗಸರಿಗೆ ಉಚಿತ ಕೊಡುವ ಮಾತೆತ್ತಿದಾಗ, ಒಪ್ಪಬೇಡಿ ಎಂದು ಪ್ರಧಾನಿಗೆ ಪತ್ರ ಬರೆದವರು ಇದೇ ಶ್ರೀಧರನ್. ಲೆಕ್ಕ ಬಲ್ಲವರಿಗೆ ಅವರ ವಾದ ಸುಳ್ಳಲ್ಲ, ಸಾಲ ತೀರಿಸಬೇಕಲ್ಲ. ಆದರೆ ಎರಡು ಗಂಟೆ ಬಸ್ಸಿನಲ್ಲಿ ನಿಂತು ಹಾಲಿನ ದುಡ್ಡು ಉಳಿಸುವ ಹುಡುಗಿಯ ಲೆಕ್ಕವೂ ಸುಳ್ಳಲ್ಲ. ಅವಳ ತಲೆಯ ಮೇಲೆ ಹವಾನಿಯಂತ್ರಿತ ರೈಲು ಹೋಗುತ್ತದೆ. ಅವಳು ಕೆಳಗೆ ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ನಿಂತಿರುತ್ತಾಳೆ. ಸಾವಿರಾರು ಕೋಟಿ ಸುರಿದದ್ದು ಯಾರಿಗೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕಾಗಿಲ್ಲ.

ಇನ್ನು ಭಾಷೆ. 2017ರಲ್ಲಿ ನಮ್ಮ ಮೆಟ್ರೋದ ಹಿಂದಿ ಫಲಕಗಳ ವಿರುದ್ಧ ಬೆಂಗಳೂರಿನಲ್ಲಿ ಗಲಾಟೆಯೆದ್ದು, ಸಿದ್ದರಾಮಯ್ಯನವರ ಸರ್ಕಾರ ಕೇಂದ್ರಕ್ಕೆ ಬರೆದು, ಹಿಂದಿ ಅಕ್ಷರಗಳನ್ನು ಮುಚ್ಚಿದಾಗ ನನ್ನ ಆಫೀಸಿನಲ್ಲಿ ನನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿದರು. 'ನಿಮಗೆ ಹಿಂದಿಯ ಮೇಲೆ ಯಾಕಿಷ್ಟು ದ್ವೇಷ?' ನಾನು ಕೇಳಿದೆ: 'ಕರೋಲ್ ಬಾಗ್ ಸ್ಟೇಷನ್ನಿನಲ್ಲಿ ಕನ್ನಡದ ಬೋರ್ಡು ಇದೆಯಾ?' ನಕ್ಕುಬಿಟ್ಟರು. 'ಇಲ್ಯಾಕೆ ಕನ್ನಡ?' ಅಷ್ಟೇ ನೋಡಿ ಉತ್ತರ ಅಂದೆ. ಕನ್ನಡವಿರಲಿ, ದೆಹಲಿಯ ರಸ್ತೆ ಫಲಕಗಳಲ್ಲಿ ಹಿಂದಿ, ಇಂಗ್ಲಿಷಿನ ಜೊತೆ ಪಂಜಾಬಿ, ಉರ್ದು ಎರಡೂ ಇವೆ; ಪಂಜಾಬಿಗಳೇ ಕಟ್ಟಿದ ಕರೋಲ್ ಬಾಗಿನ ಮೆಟ್ರೋ ಫಲಕದಲ್ಲಿ ಗುರುಮುಖಿಯ ಒಂದು ಅಕ್ಷರವಿಲ್ಲ. ಕೆಳಗಿನ ಮನೆಯ ಅಂಕಲ್ಲಿಗೆ ಅದನ್ನು ತೋರಿಸಿದೆ. ಅವರು ಸುಮ್ಮನಾದರು.

ವಾದದಲ್ಲಿ ಗೆದ್ದೆ. ಆದರೆ ಮನೆಗೆ ಬರುವಾಗ ಒಂದು ಹಳೆಯ ಮಾತು ನೆನಪಾಗಿ ಗೆಲುವಿನ ರುಚಿ ಅರ್ಧವಾಯಿತು.

2012ರ ಚಳಿಗಾಲದಲ್ಲಿ ಅಮ್ಮ ಬಂದಿದ್ದಳು. ಆಗ ಅವಳಿಗೆ ಅರವತ್ತೆಂಟು. ಹಿಂದಿ ಒಂದಕ್ಷರ ಬಾರದು. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಕೂಡಿಸಿ ಓದುವಷ್ಟರಲ್ಲಿ ರೈಲು ಎರಡು ಸ್ಟೇಷನ್ ದಾಟಿರುತ್ತದೆ. ಒಂದು ಸಂಜೆ ರಾಷ್ಟ್ರಪತಿ ಭವನ ತೋರಿಸಿಕೊಂಡು ಬರುವಾಗ ರಾಜೀವ್ ಚೌಕದಲ್ಲಿ ಗಾಡಿ ಬದಲಿಸಬೇಕಿತ್ತು. ತಪ್ಪು ನನ್ನದೇ, ಅವಳನ್ನು ಮುಂದೆ ಹತ್ತಿಸಿ ಯಾರದೋ ಫೋನಿಗೆ ಉತ್ತರಿಸುತ್ತ ಅರೆಗಳಿಗೆ ಹಿಂದೆ ಉಳಿದೆ. ಬಾಗಿಲು ಮುಚ್ಚಿತು. ಗಾಜಿನಾಚೆ ಅಮ್ಮ, ಈಚೆ ನಾನು. ಅವಳ ಹತ್ತಿರ ಫೋನಿಲ್ಲ, ವಿಳಾಸ ಗೊತ್ತಿಲ್ಲ. ಗಾಡಿ ದ್ವಾರಕಾವರೆಗೆ ಹೋಗುತ್ತದೆ. ಮುಂದಿನ ಗಾಡಿಗೆ ಮೂರು ನಿಮಿಷವೋ ನಾಲ್ಕೋ. ಆ ಮೂರು ನಿಮಿಷದಲ್ಲಿ ನನಗೆ ಬಂದ ಯೋಚನೆಗಳನ್ನು ಬರೆಯುವುದಿಲ್ಲ. ಝಂಡೇವಾಲಾನಿನಲ್ಲಿ ಬಗ್ಗಿ ಪ್ಲಾಟ್‌ಫಾರ್ಮು ನೋಡಿದೆ, ಇಲ್ಲ. ಕರೋಲ್ ಬಾಗಿನಲ್ಲಿ ಇಳಿದರೆ ಬೆಂಚಿನ ಮೇಲೆ ಶಾಲು ಹೊದ್ದು, ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ.

'ಹೇಗಮ್ಮ ಗೊತ್ತಾಯ್ತು ಇಲ್ಲೇ ಇಳೀಬೇಕು ಅಂತ?'

'ಅಯ್ಯೋ, ನೀನೇ ತಾನೇ ಬೆಳಿಗ್ಗೆ ತೋರ್ಸಿದ್ದು ಕಣೋ. ಕಿಟಕೀಲಿ ಹನುಮಂತ ಬಂದ. ಹನುಮಂತ ಆದಮೇಲಿಂದು ನಮ್ಮ ಸ್ಟೇಷನ್ನು.'

ಝಂಡೇವಾಲಾನ್ ಮತ್ತು ಕರೋಲ್ ಬಾಗ್ ನಡುವೆ ಹಳಿಯ ಪಕ್ಕಕ್ಕೇ 108 ಅಡಿಯ ಹನುಮಂತನ ವಿಗ್ರಹವಿದೆ. ದೆಹಲಿ ನೋಡದವರೂ ಸಿನಿಮಾಗಳಲ್ಲಿ ನೋಡಿರುತ್ತೀರಿ. ಮೆಟ್ರೋ ಕಟ್ಟಿದವರು ಅದನ್ನು ದಾರಿ ತೋರಿಸಲೆಂದು ಇಟ್ಟದ್ದಲ್ಲ. ಆದರೆ ಅಷ್ಟೆಲ್ಲ ಬೋರ್ಡು, ಬಣ್ಣ, ಬಾಣದ ಗುರುತುಗಳ ನಡುವೆ ಅಮ್ಮನಿಗೆ ಓದಲು ಬಂದದ್ದು ಅದೊಂದೇ.

ನನ್ನ ಆಫೀಸಿನ ಗೆಲುವು ಅರ್ಧವಾದದ್ದು ಇದಕ್ಕೆ. ಫಲಕ ಅನ್ನುವುದು ಊರಿನ ಮುಖ. ಬೆಂಗಳೂರಿನ ಮುಖ ಕನ್ನಡದ್ದೇ ಆಗಿರಬೇಕು. ಅದರಲ್ಲಿ ನನಗೆ ಅವತ್ತೂ ಸಂಶಯವಿರಲಿಲ್ಲ, ಇವತ್ತೂ ಇಲ್ಲ. ಆದರೆ ಬಿಹಾರ, ಒಡಿಶಾದಿಂದ ಬಂದು ಅದೇ ಕಂಬಗಳಿಗೆ ಕಬ್ಬಿಣ ಕಟ್ಟಿದ ಹುಡುಗ ಮೆಜೆಸ್ಟಿಕ್ಕಿನಲ್ಲಿ ಕಂಗಾಲಾಗಿ ನಿಂತಾಗ, ರಾಜೀವ್ ಚೌಕದಲ್ಲಿ ನನ್ನ ಅಮ್ಮನಿಗಿದ್ದ ಪಾಡೇ ಅವನದೂ. ಮೂರನೆಯ ಭಾಷೆ ಸೇರಿಸಿದರೆ ಅವನ ಕಷ್ಟ ಮುಗಿಯುತ್ತದೆಯೆಂದಲ್ಲ, ಎಷ್ಟೋ ಜನಕ್ಕೆ ಯಾವ ಅಕ್ಷರವೂ ಬಾರದು. ಇಬ್ಬರಿಗೂ ಬೇಕಾದ್ದು ಹನುಮಂತ. ಅಂದರೆ ಓದದೆ ಗುರುತು ಹಿಡಿಯಬಲ್ಲ ಒಂದು ಚಿತ್ರ, ದೊಡ್ಡದೊಂದು ಅಂಕಿ, ಹೆದರದೆ ಕೇಳಬಹುದಾದ ಒಬ್ಬ ಮನುಷ್ಯ. ಎರಡು ಊರಿನ ಮೆಟ್ರೋಗಳೂ ಓದು ಬಂದವರಿಗಾಗಿ ಕಟ್ಟಿದವು. ಯಾವ ಭಾಷೆಯ ಓದು ಎಂಬುದಕ್ಕಷ್ಟೇ ನಾವು ಜಗಳವಾಡಿದೆವು.

ಈಚೆಗೆ ಈ ಹೋಲಿಕೆಯನ್ನೆಲ್ಲ ಇಲ್ಲಿ ಐ.ಎ.ಎಸ್. ಕೋಚಿಂಗಿಗೆ ಬಂದಿರುವ ವಿಜಯಪುರದ ಹುಡುಗನೊಬ್ಬನ ಮುಂದೆ ಬಿಚ್ಚಿದೆ. ಕರೋಲ್ ಬಾಗು, ರಾಜೇಂದ್ರ ನಗರದ ಪಿ.ಜಿ.ಗಳಲ್ಲಿ ನಮ್ಮ ಕಡೆಯ ಹುಡುಗರು ಬಹಳ. ಅವನು ಎಲ್ಲ ಕೇಳಿಸಿಕೊಂಡು, 'ಸರ್ರ, ನೀವು ಡೆಲ್ಲಿ ಛಲೋನೋ ಬೆಂಗಳೂರು ಛಲೋನೋ ಅಂತ ಜಗಳಾಡ್ತೀರಿ. ನಮ್ಮೂರಿಗೆ ದಿನಕ್ಕ ಎರಡ ಬಸ್ಸ ಬರ್ತಾವ, ಅದರಾಗ ಒಂದು ಬರಂಗೇ ಇಲ್ಲ' ಅಂದ. ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಕಿಲೋಮೀಟರಿನ ತಕ್ಕಡಿ ಹಿಡಿದು ಕೂತವನಿಗೆ ಅವನ ಊರು ತಟ್ಟೆಗೇ ಬಿದ್ದಿರಲಿಲ್ಲ.

ಹಾಗಾದರೆ ತೀರ್ಪು? ಕಟ್ಟುವುದರಲ್ಲಿ ದೆಹಲಿ ಮೇಲು, ಸಂಶಯವೇ ಇಲ್ಲ. ದರದಲ್ಲೂ ಸದ್ಯಕ್ಕೆ ದೆಹಲಿಯೇ ಮೇಲು, ಅದೂ ದೊಡ್ಡ ಮನಸ್ಸಿನಿಂದಲ್ಲ. ಕೆಳಗಿನವರನ್ನು ಹತ್ತಿಸಿಕೊಳ್ಳುವುದರಲ್ಲಿ ಇಬ್ಬರೂ ಫೇಲು. ಒಂದೇ ಒಂದು ವಿಷಯದಲ್ಲಿ ಬೆಂಗಳೂರಿಗೆ ಪೂರ್ತಿ ಅಂಕ ಕೊಡುತ್ತೇನೆ. ದೆಹಲಿ ಮೆಟ್ರೋದಲ್ಲಿ ಮಾತಾಡುವುದು ಶಮ್ಮಿ ನಾರಂಗ್ ಮತ್ತು ರಿನಿ ಸೈಮನ್ ಖನ್ನಾ, ಹಳೆಯ ದೂರದರ್ಶನದ ವಾರ್ತಾವಾಚಕರು. ಒಳ್ಳೆಯ ದನಿಗಳೇ, ಆದರೆ ವಾರ್ತೆ ಓದಿದ ಹಾಗೆ. ನಮ್ಮ ಮೆಟ್ರೋದಲ್ಲಿ ಅಪರ್ಣಾ. 2014ರಲ್ಲಿ ಹಸಿರು ಮಾರ್ಗ ರಾಜಾಜಿನಗರಕ್ಕೆ ಬಂದ ಮೇಲೆ ಅಮ್ಮ ಒಬ್ಬಳೇ ಮಲ್ಲೇಶ್ವರದ ತಂಗಿ ಮನೆಗೆ ಹೋಗಿಬರುವಂತಾದಳು. ಭಯವಾಗಲ್ವಾ ಅಂದರೆ, 'ಯಾಕೋ ಭಯ? ಅಪರ್ಣಾ ಹೇಳ್ತಾಳಲ್ಲ ಇಳೀರಿ ಅಂತ, ಇಳೀತೀನಿ' ಅನ್ನುತ್ತಿದ್ದಳು. ಅಲ್ಲಿ ಅವಳಿಗೆ ಹನುಮಂತ ಬೇಕಾಗಿರಲಿಲ್ಲ.

ಅಪರ್ಣಾ 2024ರ ಜುಲೈ 11ರಂದು ತೀರಿಕೊಂಡರು. ಆ ವಾರ ಫೋನು ಮಾಡಿದಾಗ ಅಮ್ಮ ಮೆಟ್ರೋದಲ್ಲಿ ಹೋಗಿ ಬಂದಿದ್ದಳು. 'ಇನ್ನೂ ಅವಳೇ ಹೇಳ್ತಿದಾಳೆ ಕಣೋ' ಅಂದಳು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಕೇಳಿದಳು, 'ನೀನು ಯಾವಾಗ ಬರ್ತೀಯಾ?'

ಇಲ್ಲಿ ಕಿಟಕಿಯಾಚೆ ದ್ವಾರಕಾ ಕಡೆಯ ಗಾಡಿ ಹೋಯಿತು. ಮುಂದಿನ ತಿಂಗಳು ಅಂದೆ.